ಸ್ವಂತ ಜಿಯೋಕೋಡಿಂಗ್ ಸರ್ವರ್: ನಾಮಿನಾಟಿಮ್, ಫೋಟಾನ್, ಪೀಲಿಯಾಸ್‌ಗಳಲ್ಲಿ ನಿಮಗೆ ಹೊಂದುವುದು ಯಾವುದು?

ವಿಳಾಸವನ್ನು ನಕ್ಷೆಯ ಬಿಂದುವಿಗೆ, ಬಿಂದುವನ್ನು ವಿಳಾಸಕ್ಕೆ ಬದಲಿಸುವ ತಂತ್ರಾಂಶಕ್ಕೆ ಜಿಯೋಕೋಡರ್ ಅನ್ನುತ್ತಾರೆ. ನಾಮಿನಾಟಿಮ್, ಫೋಟಾನ್, ಪೀಲಿಯಾಸ್ ಮೂರೂ ಅಂಥವೇ. ಯಾವ ಜಿಯೋಕೋಡರ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಸರ್ಚ್ ಬಾಕ್ಸ್‌ನಲ್ಲಿ ಜನ ಏನು ಟೈಪ್ ಮಾಡುತ್ತಾರೆ? ಹೆಚ್ಚಿನವರ ಹತ್ತಿರ ಇದಕ್ಕೆ ಉತ್ತರ ಇರುವುದಿಲ್ಲ. ರ‍್ಯಾಮ್ ಎಷ್ಟು ಬೇಕು, ಡಾಕರ್‌ನಲ್ಲಿ (ತಂತ್ರಾಂಶವನ್ನು ಕಂಟೇನರ್ ಅನ್ನುವ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನ) ಓಡುತ್ತಾ, ಇಂಪೋರ್ಟ್, ಅಂದರೆ ನಕ್ಷೆಯ ಡೇಟಾ ತುಂಬುವುದು, ಎಷ್ಟು ಹೊತ್ತು ಅಂತ ಶುರು ಮಾಡುತ್ತಾರೆ. ಅದೂ ಬೇಕು, ಆದರೆ ಆಮೇಲೆ.

ಜಿಯೋಕೋಡರ್‌ಗೆ ಬರುವ ಪ್ರಶ್ನೆಗಳು ಮೂರೇ ಬಗೆ. ಒಂದು, ಪೂರ್ತಿ ವಿಳಾಸ ಕೊಟ್ಟು ಅದರ ಅಕ್ಷಾಂಶ, ರೇಖಾಂಶ ಕೇಳುವುದು. ಎರಡು, ನಾಲ್ಕು ಅಕ್ಷರ ಒತ್ತುವಷ್ಟರಲ್ಲಿ ಕೆಳಗೆ ಪಟ್ಟಿ ಬೀಳಬೇಕು ಅನ್ನುವುದು, ಅಂದರೆ ಆಟೋಕಂಪ್ಲೀಟ್. ಮೂರು, ನಕ್ಷೆಯ ಮೇಲಿನ ಒಂದು ಬಿಂದು ಕೊಟ್ಟು ಇದು ಯಾವ ಜಾಗ ಅಂತ ಕೇಳುವುದು. ಇದಕ್ಕೆ ರಿವರ್ಸ್ ಜಿಯೋಕೋಡಿಂಗ್ ಅನ್ನುತ್ತಾರೆ. ಈ ಮೂರನ್ನೂ ಚೆನ್ನಾಗಿ ಮಾಡುವ ಒಂದೇ ತೆರೆದ ತಂತ್ರಾಂಶ ನನಗಂತೂ ಸಿಕ್ಕಿಲ್ಲ. ನಿಮ್ಮಲ್ಲಿ ಯಾವ ಬಗೆ ಜಾಸ್ತಿ ಅನ್ನುವುದು ಗೊತ್ತಾದರೆ ಅರ್ಧ ತೀರ್ಮಾನ ಆದಂತೆಯೇ.

ಸರ್ವರ್ ನಿಜವಾಗಿ ಬೇಕಾ?

ಜನರೇ ಸೇರಿ ಕಟ್ಟುವ ತೆರೆದ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್. ಅವರು ನಡೆಸುವ ಸಾರ್ವಜನಿಕ ನಾಮಿನಾಟಿಮ್ ಸೇವೆ ಉಚಿತ. ಆದರೆ ಅದರ ನಿಯಮ ಬಿಗಿ. ಸೆಕೆಂಡಿಗೆ ಹೆಚ್ಚೆಂದರೆ 1 ಕೋರಿಕೆ. ಆಟೋಕಂಪ್ಲೀಟ್‌ಗೆ ಅದನ್ನು ಬಳಸುವಂತೆಯೇ ಇಲ್ಲ. ನಿಮ್ಮ ಆ್ಯಪ್ ಯಾವುದು ಅಂತ ತಿಳಿಸುವ ಯೂಸರ್ ಏಜೆಂಟ್ ಕಳಿಸಲೇಬೇಕು. ದಿನಕ್ಕೆ ನೂರಿನ್ನೂರು ವಿಳಾಸ ಹುಡುಕುವವರಿಗೆ ಇಷ್ಟು ಸಾಕು. ಬಂದ ಉತ್ತರವನ್ನು ನಿಮ್ಮ ಕಡೆ ಕ್ಯಾಷ್ ಮಾಡಿ ಇಟ್ಟುಕೊಳ್ಳಿ, ಕೆಲಸ ನಡೆಯುತ್ತದೆ.

ಇನ್ನು ಕೆಲವರಿಗೆ ಬೇಕಿರುವುದು ಬರೀ ಊರಿನ ಹೆಸರು. ಗಾಡಿಯ ಜಿಪಿಎಸ್ ಬಿಂದು ಯಾವ ಪಟ್ಟಣದ ಹತ್ತಿರ ಇದೆ ಅಂತ ವರದಿಯಲ್ಲಿ ತೋರಿಸಬೇಕು, ಅಷ್ಟೇ. ಇಷ್ಟಕ್ಕೆ ಸರ್ವರ್ ಕಟ್ಟುವುದು ಸುಮ್ನೆ ತಲೆನೋವು. ಜಿಯೋನೇಮ್ಸ್‌ನವರು 1000ಕ್ಕಿಂತ ಹೆಚ್ಚು ಜನ ಇರುವ ಊರುಗಳ ಪಟ್ಟಿಯನ್ನು ಹಾಗೇ ಡೌನ್‌ಲೋಡ್‌ಗೆ ಇಟ್ಟಿದ್ದಾರೆ. ಅದನ್ನು ಮೆಮೊರಿಗೆ ಹಾಕಿಕೊಂಡು ಹತ್ತಿರದ ಊರು ಹುಡುಕುವ ಪುಟ್ಟ ಪೈಥಾನ್ ಲೈಬ್ರರಿಗಳೂ ಇವೆ. ಹತ್ತು ಸಾಲಿನ ಕೋಡ್‌ನಲ್ಲಿ ಮುಗಿಯುವ ಕೆಲಸ. ಒಂದೇ ಎಚ್ಚರ: ಇದು ಹತ್ತಿರದ ಊರನ್ನು ಹೇಳುತ್ತದೆಯೇ ಹೊರತು ಬಿಂದು ಯಾವ ಊರಿನ ಗಡಿಯ ಒಳಗಿದೆ ಅನ್ನುವುದನ್ನಲ್ಲ.

ಸ್ವಂತ ಸರ್ವರ್ ಬೇಕಾಗುವುದು ಮೂರು ಸಂದರ್ಭದಲ್ಲಿ: ಕೋರಿಕೆಗಳು ಲಕ್ಷದ ಲೆಕ್ಕದಲ್ಲಿದ್ದಾಗ, ಆಟೋಕಂಪ್ಲೀಟ್ ಬೇಕಿದ್ದಾಗ, ಗ್ರಾಹಕರ ಮನೆ ವಿಳಾಸ ಹೊರಗಿನವರ ಕೈಗೆ ಹೋಗಬಾರದು ಅಂದಾಗ. ಇದರಲ್ಲಿ ಒಂದಾದರೂ ನಿಮ್ಮದಾಗಿದ್ದರೆ ಮುಂದೆ ಓದಿ.

ನಾಮಿನಾಟಿಮ್: ಎಲ್ಲದರ ಬುಡ

ನಾಮಿನಾಟಿಮ್ ಅಂದರೆ ಲ್ಯಾಟಿನ್‌ನಲ್ಲಿ 'ಹೆಸರಿನಿಂದ' ಅಂತ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮುಖಪುಟದ ಹುಡುಕಾಟದ ಹಿಂದೆ ಇರುವುದು ಇದೇ. ಇದರ ಕೆಳಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಮತ್ತು ಅದಕ್ಕೆ ನಕ್ಷೆಯ ಲೆಕ್ಕ ಕಲಿಸುವ ಪೋಸ್ಟ್‌ಜಿಐಎಸ್ ಇರುತ್ತವೆ. ನಕ್ಷೆಯ ಫೈಲನ್ನು ಓಎಸ್‌ಎಂ2ಪಿಜಿಎಸ್‌ಕ್ಯೂಎಲ್ ಅನ್ನುವ ಸಾಧನ ಡೇಟಾಬೇಸ್‌ಗೆ ತುಂಬುತ್ತದೆ. ಅದಾದ ಮೇಲೆ ನಾಮಿನಾಟಿಮ್ ಪ್ರತಿ ಮನೆ ಯಾವ ಬೀದಿಗೆ ಸೇರಿದ್ದು, ಬೀದಿ ಯಾವ ಬಡಾವಣೆಗೆ, ಬಡಾವಣೆ ಯಾವ ಊರಿಗೆ ಅಂತ ಲೆಕ್ಕ ಹಾಕುತ್ತದೆ. ಹೊತ್ತು ಹಿಡಿಯುವುದು ಈ ಲೆಕ್ಕಕ್ಕೇ.

ಹಿಂದೆ ಇದನ್ನು ಹಾಕುವುದು ಒಂದು ವ್ರತದ ಹಾಗಿತ್ತು. ಸೋರ್ಸ್ ತಂದು ಕಂಪೈಲ್ ಮಾಡಬೇಕು, ಪಿಎಚ್‌ಪಿ ಹಾಕಬೇಕು, ಅಪಾಚೆ ಸರಿಮಾಡಬೇಕು. ಈಗ ಪಿಎಚ್‌ಪಿ ಇಲ್ಲ. 2025ರಲ್ಲಿ ಬಂದ 5.0 ಆವೃತ್ತಿಯಲ್ಲಿ ಅದನ್ನು ಪೂರ್ತಿ ತೆಗೆದುಹಾಕಿದರು. ಪೋಸ್ಟ್‌ಗ್ರೆಸ್, ಪೋಸ್ಟ್‌ಜಿಐಎಸ್, ಓಎಸ್‌ಎಂ2ಪಿಜಿಎಸ್‌ಕ್ಯೂಎಲ್ ಮೂರನ್ನೂ ಸಿಸ್ಟಮ್ ಪ್ಯಾಕೇಜ್‌ಗಳಾಗಿ ಹಾಕಿಕೊಂಡು, ಒಂದು ಪೈಥಾನ್ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ, ಅದರಲ್ಲಿ ಪಿಪ್ ಮೂಲಕ ಎರಡು ಪ್ಯಾಕೇಜ್ ತರಬೇಕು. ಒಂದು ಡೇಟಾಬೇಸ್ ಕಟ್ಟಲು, ಇನ್ನೊಂದು ಉತ್ತರ ಕೊಡುವ ಎಪಿಐಗೆ. ಆಮೇಲೆ ಒಂದು ಪ್ರಾಜೆಕ್ಟ್ ಫೋಲ್ಡರ್, ಅದರಲ್ಲಿ ಸೆಟ್ಟಿಂಗ್‌ಗಳಿಗೆ ಒಂದು ಎನ್ವ್ ಫೈಲ್, ಇಂಪೋರ್ಟ್ ಆದೇಶ. ಅಷ್ಟೇ.

ಕಬ್ಬಿಣದ, ಅಂದರೆ ಹಾರ್ಡ್‌ವೇರ್ ವಿಷಯಕ್ಕೆ ಬರೋಣ. ಇಡೀ ಪ್ರಪಂಚ ತುಂಬಲು 128 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ ಇರಲಿ ಅನ್ನುತ್ತಾರೆ ಅದನ್ನು ಬರೆದವರೇ. ಒಳ್ಳೆಯ ಎನ್‌ವಿಎಂಇ ಡಿಸ್ಕ್ ಇದ್ದರೂ ಎರಡು ಮೂರು ದಿನದ ಕೆಲಸ. ತಿರುಗುವ ಹಾರ್ಡ್‌ಡಿಸ್ಕ್ ಮೇಲೆ ಇದನ್ನು ಮಾಡಲು ಹೋಗಬೇಡಿ. ಇಡೀ ಪ್ರಪಂಚದ ಪಿಬಿಎಫ್ ಫೈಲ್ (ನಕ್ಷೆಯ ಡೇಟಾ ಒತ್ತಿಟ್ಟ ಫೈಲ್) 80 ಜಿಬಿ ದಾಟಿದೆ. ಅಂದರೆ ಫೈಲಿನ ಹತ್ತು ಹನ್ನೆರಡು ಪಟ್ಟು ಡಿಸ್ಕ್ ಬೇಕು ಅಂತಾಯಿತು. ನಿಮ್ಮ ದೇಶದ ಫೈಲ್ 1 ಜಿಬಿ ಇದ್ದರೂ ಇದೇ ಅಂದಾಜು ಹಿಡಿಯಿರಿ, ಮೇಲೆ ಸ್ವಲ್ಪ ಜಾಗ ಬಿಡಿ. ಬೇರೆ ಬೇರೆ ದೇಶ, ಖಂಡಗಳ ಫೈಲ್‌ಗಳನ್ನು ಜಿಯೋಫ್ಯಾಬ್ರಿಕ್‌ನವರು ದಿನವೂ ಹೊಸದು ಮಾಡಿ ಕೊಡುತ್ತಾರೆ. ಬಹಳ ಜನರಿಗೆ ಪ್ರಪಂಚ ಬೇಡವೇ ಬೇಡ, ಒಂದು ದೇಶ ಸಾಕು.

ಡಿಸ್ಕ್ ಉಳಿಸಲು ಇರುವ ದೊಡ್ಡ ಕೀಲಿ ಅಂದರೆ ಇಂಪೋರ್ಟ್ ಸ್ಟೈಲ್. ಐದು ಇವೆ: ಅಡ್ಮಿನ್, ಸ್ಟ್ರೀಟ್, ಅಡ್ರೆಸ್, ಫುಲ್, ಎಕ್ಸ್‌ಟ್ರಾಟ್ಯಾಗ್ಸ್. ಅಡ್ಮಿನ್ ಅಂದರೆ ಗಡಿಗಳು, ಊರುಗಳು ಮಾತ್ರ. ಇಡೀ ಪ್ರಪಂಚಕ್ಕೂ ಕೆಲವೇ ಗಂಟೆಯಲ್ಲಿ ಮುಗಿಯುತ್ತದೆ. ಸ್ಟ್ರೀಟ್‌ನಲ್ಲಿ ಬೀದಿಗಳೂ ಸೇರುತ್ತವೆ. ಅಡ್ರೆಸ್‌ನಲ್ಲಿ ಮನೆ ನಂಬರ್‌ಗಳು. ಫುಲ್‌ನಲ್ಲಿ ಅಂಗಡಿ, ಆಸ್ಪತ್ರೆ, ಬಸ್ ನಿಲ್ದಾಣ ಎಲ್ಲ. ಯಾವುದನ್ನೂ ಯೋಚಿಸದೆ ಫುಲ್ ಹಾಕುವವರೇ ಜಾಸ್ತಿ. ನಿಮ್ಮ ಜನ ಅಂಗಡಿ ಹೆಸರು ಹುಡುಕುವುದೇ ಇಲ್ಲ ಅಂದರೆ ಅಡ್ರೆಸ್ ಸಾಕು. ಡೇಟಾ ಕಡಿಮೆ ಆದಷ್ಟೂ ಅಡ್ಡಾದಿಡ್ಡಿ ಉತ್ತರಗಳೂ ಕಡಿಮೆ ಆಗುತ್ತವೆ. ಊರಿನ ಹೆಸರು ಕೇಳಿದರೆ ಅದೇ ಹೆಸರಿನ ಹೋಟೆಲ್ ತೋರಿಸುವ ಕಾಟ ತಪ್ಪುತ್ತದೆ. ರಿವರ್ಸ್ ಮಾತ್ರ ಬೇಕಿದ್ದರೆ ಇಂಪೋರ್ಟ್ ಮಾಡುವಾಗಲೇ ರಿವರ್ಸ್ ಓನ್ಲಿ ಅನ್ನುವ ಆಯ್ಕೆ ಕೊಡಬಹುದು. ಹುಡುಕಾಟದ ಇಂಡೆಕ್ಸ್ ಕಟ್ಟುವುದೇ ತಪ್ಪುತ್ತದೆ. ಮುಂದೆ ಯಾವತ್ತೂ ಹೊಸ ಡೇಟಾ ತರುವುದಿಲ್ಲ ಅಂತಿದ್ದರೆ ನೋ ಅಪ್‌ಡೇಟ್ಸ್ ಆಯ್ಕೆ ಕೊಡಿ. ಅಪ್‌ಡೇಟ್‌ಗಷ್ಟೇ ಬೇಕಾಗುವ ಟೇಬಲ್‌ಗಳು ಹೋಗಿ ಡೇಟಾಬೇಸ್ ಅರ್ಧಕ್ಕೆ ಅರ್ಧ ಸಣ್ಣದಾಗುತ್ತದೆ.

ಈಗ ಎಡವುವ ಜಾಗಗಳು. ಇದರಲ್ಲಿ ಕೆಲವು ನನ್ನ ಮೊಣಕಾಲಿಗೇ ತಾಗಿದವು.

ಫ್ಲಾಟ್‌ನೋಡ್ ಫೈಲ್ ಅಂತ ಒಂದಿದೆ. ನಕ್ಷೆಯ ಪ್ರತಿ ಬಿಂದುವಿನ ಜಾಗವನ್ನು ಡೇಟಾಬೇಸ್ ಬದಲು ಒಂದು ಫೈಲ್‌ನಲ್ಲಿ ಇಡುವ ಉಪಾಯ. ಪ್ರಪಂಚ ತುಂಬುವಾಗ ಬಹಳ ಉಪಕಾರಿ. ಆದರೆ ಆ ಫೈಲಿನ ಗಾತ್ರ ನಿಮ್ಮ ಡೇಟಾದಲ್ಲಿ ಎಷ್ಟು ಬಿಂದು ಇವೆ ಅನ್ನುವುದನ್ನು ನೋಡುವುದಿಲ್ಲ. ಅತಿ ದೊಡ್ಡ ಬಿಂದುವಿನ ಐಡಿ ಎಷ್ಟು ಅನ್ನುವುದನ್ನು ನೋಡುತ್ತದೆ. ನೆನ್ನೆ ಯಾರೋ ಒಂದು ಮರ ಗುರುತಿಸಿದ್ದರೂ ಅದರ ಐಡಿ ಆಕಾಶದಲ್ಲಿರುತ್ತದೆ. ಹಾಗಾಗಿ ಪುಟ್ಟ ದೇಶದ ಫೈಲ್ ತುಂಬಿದರೂ ಫ್ಲಾಟ್‌ನೋಡ್ ಹತ್ತಾರು ಜಿಬಿ ನುಂಗುತ್ತದೆ. ನಾನು ಒಮ್ಮೆ ಎಲ್ಲೋ ನೋಡಿದ ಸೆಟ್ಟಿಂಗನ್ನು ಹಾಗೇ ನಕಲು ಮಾಡಿ ಸಣ್ಣ ಸರ್ವರ್‌ನ ಡಿಸ್ಕ್ ತುಂಬಿಸಿ ಕೂತಿದ್ದೆ. ಸಣ್ಣ ಡೇಟಾಗೆ ಇದು ಬೇಡ.

ಎರಡನೆಯದು ಪೋಸ್ಟ್‌ಗ್ರೆಸ್ ಟ್ಯೂನಿಂಗ್. ಬರುವಾಗ ಇರುವ ಸೆಟ್ಟಿಂಗ್‌ನಲ್ಲಿ ಇಂಪೋರ್ಟ್ ಕುಂಟುತ್ತದೆ. ಶೇರ್ಡ್ ಬಫರ್ಸ್ 2 ಜಿಬಿ, ಮೇಂಟೆನೆನ್ಸ್ ವರ್ಕ್ ಮೆಮ್ 10 ಜಿಬಿವರೆಗೆ, ವರ್ಕ್ ಮೆಮ್ 50 ಎಂಬಿ, ಸಿಂಕ್ರನಸ್ ಕಮಿಟ್ ಆಫ್, ಚೆಕ್‌ಪಾಯಿಂಟ್ ಟೈಮ್‌ಔಟ್ 60 ನಿಮಿಷ. ಇವು ದೊಡ್ಡ ಯಂತ್ರದ ಅಂಕಿಗಳು. ನಿಮ್ಮ ರ‍್ಯಾಮ್ ಕಡಿಮೆ ಇದ್ದರೆ ಇಳಿಸಿ. ಮೊದಲ ಇಂಪೋರ್ಟ್ ಬೇಗ ಆಗಲಿ ಅಂತ ಡೇಟಾ ಡಿಸ್ಕ್‌ಗೆ ಸರಿಯಾಗಿ ಬಿತ್ತಾ ಅಂತ ಕಾಯುವ ಎಫ್‌ಸಿಂಕ್ ಮತ್ತು ಫುಲ್ ಪೇಜ್ ರೈಟ್ಸ್ ಸೆಟ್ಟಿಂಗ್ ಎರಡನ್ನೂ ಆಫ್ ಮಾಡುವುದುಂಟು. ಮಾಡಿ, ತಪ್ಪಿಲ್ಲ. ಆದರೆ ಮುಗಿದ ಕೂಡಲೇ ಮತ್ತೆ ಆನ್ ಮಾಡಿ. ಮರೆತರೆ ಏನೂ ಆಗುವುದಿಲ್ಲ, ಕರೆಂಟ್ ಹೋಗುವವರೆಗೆ. ಹೋದ ದಿನ ಡೇಟಾಬೇಸ್ ಕೆಟ್ಟು ಕೂರಬಹುದು, ಮತ್ತೆ ಮೊದಲಿನಿಂದ.

ಮೂರನೆಯದು ಡಾಕರ್‌ನವರಿಗೆ. ಡಾಕರ್ ಕಂಟೇನರ್‌ಗೆ ಹಂಚಿಕೆಯ ಮೆಮೊರಿ ಸುಮ್ಮನೆ ಬಿಟ್ಟರೆ 64 ಎಂಬಿ ಮಾತ್ರ. ಪೋಸ್ಟ್‌ಗ್ರೆಸ್‌ಗೆ ಅದು ಯಾತಕ್ಕೂ ಸಾಲದು. ಅರ್ಧ ದಾರಿಯಲ್ಲಿ ಡಿಸ್ಕ್‌ನಲ್ಲಿ ಜಾಗ ಇಲ್ಲ ಅಂತ ದೂರುತ್ತದೆ. ಡಿಸ್ಕ್ ನೋಡಿದರೆ ಅರ್ಧ ಖಾಲಿ. ಕಂಟೇನರ್ ಶುರು ಮಾಡುವಾಗಲೇ ಎಸ್‌ಎಚ್‌ಎಂ ಸೈಜ್ 1 ಜಿಬಿ ಕೊಟ್ಟರೆ ಮುಗಿಯಿತು.

ಇಂಪೋರ್ಟ್ ನಡೆಯುವಾಗ ಲಾಗ್‌ನಲ್ಲಿ ರ‍್ಯಾಂಕ್ ಅಂತ ಸಂಖ್ಯೆಗಳು ಓಡುತ್ತವೆ, 30ರವರೆಗೆ. ಸಣ್ಣ ಸಂಖ್ಯೆ ಅಂದರೆ ದೇಶ, ರಾಜ್ಯ. 26 ಅಂದರೆ ಬೀದಿಗಳು, 30 ಅಂದರೆ ಮನೆ ಮತ್ತು ಅಂಗಡಿಗಳು. 25ರವರೆಗೆ ಸರಸರ ಬಂದು 26ರಲ್ಲಿ ನಿಂತ ಹಾಗೆ ಕಂಡರೆ ಗಾಬರಿ ಬೇಡ, ಅದು ಅಲ್ಲೇ ಹೊತ್ತು ಹಿಡಿಯುವುದು. ಈ ಹಂತದಲ್ಲಿ ಯಂತ್ರ ನಿಂತುಹೋದರೂ ಕಂಟಿನ್ಯೂ ಆಯ್ಕೆಗೆ ಇಂಡೆಕ್ಸಿಂಗ್ ಅಂತ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಅದಕ್ಕೂ ಮೊದಲು, ಅಂದರೆ ಓಎಸ್‌ಎಂ2ಪಿಜಿಎಸ್‌ಕ್ಯೂಎಲ್ ಓಡುತ್ತಿರುವಾಗಲೇ ಸತ್ತರೆ ಮೊದಲಿನಿಂದ ಶುರು ಮಾಡಬೇಕು. ಅದು ಸಾಯುವುದಕ್ಕೆ ಹೆಚ್ಚಾಗಿ ಕಾರಣ ರ‍್ಯಾಮ್ ಸಾಲದೆ ಕರ್ನಲ್ ಅದನ್ನು ಕೊಂದಿರುವುದು. ಎಲ್ಲ ಮುಗಿದ ಮೇಲೆ ಚೆಕ್ ಡೇಟಾಬೇಸ್ ಆದೇಶ ಓಡಿಸಿ ನೋಡಿ.

ಇಷ್ಟೆಲ್ಲ ಮಾಡಿ ಸಿಗುವುದೇನು? ಪೂರ್ತಿ ವಿಳಾಸಕ್ಕೆ ಮತ್ತು ರಿವರ್ಸ್‌ಗೆ ಒಳ್ಳೆಯ ಉತ್ತರ. ನಿಮಿಷಕ್ಕೊಮ್ಮೆ ಹೊಸ ಡೇಟಾ ತರುವ ಸೌಕರ್ಯ. ರಿವರ್ಸ್‌ನಲ್ಲಿ ಝೂಮ್ ಅನ್ನುವ ಅಂಕಿ ಕೊಟ್ಟು ಎಷ್ಟು ಆಳ ಬೇಕು ಅಂತ ಹೇಳಬಹುದು: 3 ಅಂದರೆ ದೇಶ, 5 ರಾಜ್ಯ, 10 ನಗರ, 18 ಕಟ್ಟಡ. ಒಂದು ಮಾತು ನೆನಪಿರಲಿ. ರಿವರ್ಸ್ ಮಾಡುವಾಗ ಅದು ನೀವು ಕೊಟ್ಟ ಬಿಂದುವಿನ ವಿಳಾಸ ಹೇಳುವುದಿಲ್ಲ. ಹತ್ತಿರದ ವಸ್ತು ಯಾವುದು ಅಂತ ಹುಡುಕಿ ಅದರ ವಿಳಾಸ ಹೇಳುತ್ತದೆ. ಮೂಲೆಯ ಮನೆಗೆ ಹಿಂದಿನ ಬೀದಿಯ ಹೆಸರು ಬರುವುದು ಇದಕ್ಕೇ.

ಸಿಗದಿರುವುದೇನು? ಆಟೋಕಂಪ್ಲೀಟ್ ಇಲ್ಲ. ಅರ್ಧ ಪದ ಕೊಟ್ಟರೆ ಅದಕ್ಕೆ ಅರ್ಥವಾಗುವುದಿಲ್ಲ. ಕಾಗುಣಿತ ತಪ್ಪಿದರೆ ಖಾಲಿ ಪಟ್ಟಿ. ವಿಳಾಸದ ಜೊತೆ 'ಎರಡನೇ ಮಹಡಿ', 'ನೀರಿನ ಟ್ಯಾಂಕ್ ಎದುರು' ಅಂತ ಸೇರಿದ್ದರೆ ಸಾಮಾನ್ಯವಾಗಿ ಕೈ ಎತ್ತುತ್ತದೆ. ಚಿಕ್ಕದರಿಂದ ದೊಡ್ಡದಕ್ಕೆ, ಇಲ್ಲವೇ ದೊಡ್ಡದರಿಂದ ಚಿಕ್ಕದಕ್ಕೆ, ಯಾವುದಾದರೂ ಒಂದು ದಿಕ್ಕಿನಲ್ಲಿ ವಿಳಾಸ ಸಾಗಬೇಕು. ಮಧ್ಯೆ ಕಲಸಿದರೆ ಕಷ್ಟ. ಭಾಗಗಳ ನಡುವೆ ಅಲ್ಪವಿರಾಮ ಹಾಕಿದರೆ ಉತ್ತರ ಬೇಗ ಬರುತ್ತದೆ.

ಫೋಟಾನ್: ಟೈಪ್ ಮಾಡುತ್ತಿದ್ದಂತೆ ಉತ್ತರ

ನಾಮಿನಾಟಿಮ್‌ಗೆ ಎಲ್ಲಿ ಆಗುವುದಿಲ್ಲವೋ ಅಲ್ಲಿ ಫೋಟಾನ್ ನಿಲ್ಲುತ್ತದೆ. ಕೊಮೂಟ್ ಎಂಬ ಕಂಪನಿ ಶುರು ಮಾಡಿದ, ತೆರೆದ ಪರವಾನಗಿಯ ಜಾವಾ ತಂತ್ರಾಂಶ. ಒಳಗೆ ಮೊದಲು ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ಎಂಜಿನ್ ಇತ್ತು, ಈಗ ಓಪನ್‌ಸರ್ಚ್. ಅದನ್ನು ಬೇರೆಯಾಗಿ ಹಾಕಬೇಕಿಲ್ಲ, ಜಾವಾ ತಂತ್ರಾಂಶ ಬರುವ ಜಾರ್ ಫೈಲಿನ ಒಳಗೇ ಬರುತ್ತದೆ. ಅರ್ಧ ಪದಕ್ಕೂ ಉತ್ತರಿಸುತ್ತದೆ, ಒಂದೆರಡು ಅಕ್ಷರ ತಪ್ಪಿದರೂ ಸಹಿಸಿಕೊಳ್ಳುತ್ತದೆ. ನೋಡುವವರ ನಕ್ಷೆ ಎಲ್ಲಿದೆ ಅಂತ ಹೇಳಿದರೆ ಆ ಕಡೆಯ ಜಾಗಗಳನ್ನು ಮೇಲೆ ತರುತ್ತದೆ.

ಹಾಕುವುದು ಮೂರರಲ್ಲಿ ಅತಿ ಸುಲಭ. ಗ್ರಾಫ್‌ಹಾಪರ್‌ನವರು ಕಟ್ಟಿ ಮುಗಿಸಿದ ಡೇಟಾಬೇಸನ್ನೇ ಡೌನ್‌ಲೋಡ್‌ಗೆ ಇಟ್ಟಿದ್ದಾರೆ. ಪ್ರಪಂಚದ್ದೂ ಇದೆ, ಹಲವು ದೇಶಗಳದ್ದೂ ಇದೆ. ಫೈಲ್ ಬಿಚ್ಚಿ, ಜಾರ್ ಪಕ್ಕದಲ್ಲಿಟ್ಟು, ಜಾವಾದಿಂದ ಶುರು ಮಾಡಿದರೆ 2322ನೇ ಪೋರ್ಟ್‌ನಲ್ಲಿ ಉತ್ತರ ಕೊಡಲು ಕೂರುತ್ತದೆ. ನಾಮಿನಾಟಿಮ್‌ಗೆ ದಿನಗಟ್ಟಲೆ ಕಾದವರಿಗೆ ಇದು ಮೋಸ ಅನ್ನಿಸುವಷ್ಟು ಸರಳ. ಪ್ರಪಂಚದ ಡೇಟಾಬೇಸ್‌ಗೆ ಸುಮಾರು 95 ಜಿಬಿ ಡಿಸ್ಕ್ ಬೇಕು, ವರ್ಷ ವರ್ಷ ಬೆಳೆಯುತ್ತದೆ. ರ‍್ಯಾಮ್ 64 ಜಿಬಿ ಇರಲಿ ಅನ್ನುತ್ತಾರೆ. ಒಂದು ದೇಶಕ್ಕೆ ಸಾಧಾರಣ ಯಂತ್ರ ಸಾಕು. ಡೌನ್‌ಲೋಡ್ ಮಾಡುತ್ತಲೇ ಬಿಚ್ಚುವ ಹಾಗೆ ಪೈಪ್ ಹಾಕಿದರೆ ಸುತ್ತಿದ ಫೈಲಿಗೂ ಬಿಚ್ಚಿದ್ದಕ್ಕೂ ಎರಡೆರಡು ಜಾಗ ಬೇಕಾಗುವುದಿಲ್ಲ. ಒಂದು ಎಚ್ಚರ: ಫೋಟಾನ್ ಆವೃತ್ತಿಗೂ ಡೇಟಾಬೇಸ್ ಆವೃತ್ತಿಗೂ ಹೊಂದಬೇಕು. ಹೊಸ ಜಾರ್ ತಂದು ಹಳೇ ಡೇಟಾ ಮೇಲೆ ಓಡಿಸಿದರೆ ಮುನಿಸಿಕೊಳ್ಳುತ್ತದೆ.

ಹಾಗಾದರೆ ಎಲ್ಲರೂ ಇದನ್ನೇ ಹಾಕಿಕೊಳ್ಳಬಹುದಲ್ವಾ? ಭಾಷೆ ಒಂದು ತೊಡಕು. ಸಿದ್ಧ ಡೇಟಾಬೇಸ್‌ನಲ್ಲಿ ಇರುವುದು ಇಂಗ್ಲಿಷ್, ಜರ್ಮನ್, ಫ್ರೆಂಚ್ ಹೆಸರುಗಳು ಮತ್ತು ಆಯಾ ಜಾಗದ ಮುಖ್ಯ ಹೆಸರು ಮಾತ್ರ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದು ಜಾಗಕ್ಕೆ ಹತ್ತಾರು ಭಾಷೆಯ ಹೆಸರು ಇರಬಹುದು. ಕನ್ನಡದ ಹೆಸರು ಅಲ್ಲಿ ಬೇರೆ ಟ್ಯಾಗ್‌ನಲ್ಲಿ ಕೂತಿರುತ್ತದೆ. ಜಾಗದ ಮುಖ್ಯ ಹೆಸರು ಕನ್ನಡ ಲಿಪಿಯಲ್ಲಿ ಇಲ್ಲದಿದ್ದರೆ ಸಿದ್ಧ ಫೋಟಾನ್‌ನಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದಾಗ ಅದು ಸಿಗುವುದಿಲ್ಲ. ಇದಕ್ಕೆ ದಾರಿ ಇದೆ: ಸ್ವಂತ ನಾಮಿನಾಟಿಮ್ ಡೇಟಾಬೇಸ್ ಕಟ್ಟಿ, ಅದರಿಂದ ಫೋಟಾನ್‌ಗೆ ಇಂಪೋರ್ಟ್ ಮಾಡುವಾಗ ಭಾಷೆಗಳ ಪಟ್ಟಿಯಲ್ಲಿ ನಿಮಗೆ ಬೇಕಾದ ಭಾಷೆಯ ಸಂಕೇತ ಸೇರಿಸಬೇಕು. ಅಂದರೆ ಸುತ್ತಿ ಬಳಸಿ ಮತ್ತೆ ನಾಮಿನಾಟಿಮ್‌ಗೇ ಬಂದೆವು. ಅದರಲ್ಲಾದರೆ ಇರುವ ಎಲ್ಲ ಭಾಷೆಯ ಹೆಸರೂ ತಾನಾಗಿಯೇ ಇಂಡೆಕ್ಸ್ ಆಗಿರುತ್ತವೆ. ಉತ್ತರ ಯಾವ ಭಾಷೆಯಲ್ಲಿ ಬರಲಿ ಅಂತ ಆಕ್ಸೆಪ್ಟ್ ಲ್ಯಾಂಗ್ವೇಜ್ ಅನ್ನುವ ಆಯ್ಕೆಯಲ್ಲಿ ಹೇಳಬಹುದು.

ಇನ್ನೊಂದು ತೊಡಕು ಹೊಸ ಡೇಟಾ. ಸಿದ್ಧ ಡೇಟಾಬೇಸ್ ಬಳಸುವವರು ಆಗಾಗ ಪೂರ್ತಿ ಫೈಲನ್ನೇ ಮತ್ತೆ ಇಳಿಸಿಕೊಳ್ಳಬೇಕು. ದಿನ ದಿನದ ಬದಲಾವಣೆ ಬೇಕು ಅಂದರೆ ಅದಕ್ಕೂ ಹಿಂದೆ ಒಂದು ನಾಮಿನಾಟಿಮ್ ಬೇಕು. ನನ್ನ ಪ್ರಕಾರ ತಿಂಗಳಿಗೊಮ್ಮೆ ಹೊಸ ಫೈಲ್ ತಂದರೆ ಬಹುಪಾಲು ಜನರಿಗೆ ಧಾರಾಳವಾಯಿತು. ಬೀದಿಗಳು ದಿನವೂ ಹುಟ್ಟುವುದಿಲ್ಲ.

ಪೀಲಿಯಾಸ್: ನಿಮ್ಮದೇ ಡೇಟಾ ಇದ್ದರೆ

ಪೀಲಿಯಾಸ್ ಮ್ಯಾಪ್‌ಜೆನ್ ಎಂಬ ಕಂಪನಿಯಲ್ಲಿ ಹುಟ್ಟಿದ್ದು. ಆ ಕಂಪನಿ 2018ರ ಶುರುವಿನಲ್ಲಿ ಬಾಗಿಲು ಹಾಕಿತು. ತಂತ್ರಾಂಶ ತೆರೆದದ್ದಾಗಿದ್ದರಿಂದ ಉಳಿಯಿತು. ಅಲ್ಲಿದ್ದವರೇ ಕೆಲವರು ಜಿಯೋಕೋಡ್ ಅರ್ತ್ ಅಂತ ಮಾಡಿಕೊಂಡು ಅದನ್ನು ನೋಡಿಕೊಳ್ಳುತ್ತಿದ್ದಾರೆ.

ಇದು ಒಂದು ತಂತ್ರಾಂಶ ಅನ್ನುವುದಕ್ಕಿಂತ ಒಂದು ಒಕ್ಕಲು ಅನ್ನಬಹುದು. ನೋಡ್‌ಜೆಎಸ್‌ನಲ್ಲಿ ಬರೆದ ಎಪಿಐ, ಹಿಂದೆ ಎಲಾಸ್ಟಿಕ್‌ಸರ್ಚ್, ಊರಿನ ಹೆಸರು ಹುಡುಕಲು ಪ್ಲೇಸ್‌ಹೋಲ್ಡರ್ ಅಂತ ಒಂದು ಸೇವೆ, ಬಿಂದು ಯಾವ ಗಡಿಯೊಳಗಿದೆ ಅಂತ ನೋಡಲು ಇನ್ನೊಂದು, ನಡುವಿನ ಮನೆ ನಂಬರ್ ಅಂದಾಜು ಮಾಡಲು ಮತ್ತೊಂದು, ವಿಳಾಸವನ್ನು ಬಿಡಿಸಲು ಲಿಬ್‌ಪೋಸ್ಟಲ್. ಲಿಬ್‌ಪೋಸ್ಟಲ್ ಬಗ್ಗೆ ಒಂದು ಮಾತು ಹೇಳಲೇಬೇಕು. 100 ಕೋಟಿಗೂ ಹೆಚ್ಚು ವಿಳಾಸಗಳ ಮೇಲೆ ಕಲಿಸಿದ ಸಿ ಲೈಬ್ರರಿ ಅದು. ಉದ್ದದ ಒಂದು ಸಾಲು ಕೊಟ್ಟರೆ ಇದು ಮನೆ ನಂಬರ್, ಇದು ಬೀದಿ, ಇದು ಊರು ಅಂತ ಬಿಡಿಸಿಕೊಡುತ್ತದೆ. ಅದರ ಮಾದರಿ ಫೈಲ್‌ಗಳೇ ಸುಮಾರು 2 ಜಿಬಿ. ಪೀಲಿಯಾಸ್ ಬೇಡದವರೂ ಇದನ್ನು ಬೇರೆಯಾಗಿ ಹಾಕಿಕೊಂಡು, ವಿಳಾಸ ಬಿಡಿಸಿ, ನಾಮಿನಾಟಿಮ್‌ಗೆ ಭಾಗ ಭಾಗವಾಗಿ ಕಳಿಸಬಹುದು. ಗಲೀಜು ವಿಳಾಸಗಳ ಪಟ್ಟಿ ಇರುವವರು ಇದನ್ನೊಮ್ಮೆ ಪ್ರಯತ್ನಿಸಿ ನೋಡಿ.

ಪೀಲಿಯಾಸ್‌ನ ದೊಡ್ಡ ಬಲ ಅಂದರೆ ಅದು ಓಪನ್‌ಸ್ಟ್ರೀಟ್‌ಮ್ಯಾಪ್ ಒಂದನ್ನೇ ನೆಚ್ಚಿಕೊಂಡಿಲ್ಲ. ಓಪನ್‌ಅಡ್ರೆಸಸ್, ಹೂಸ್ ಆನ್ ಫಸ್ಟ್, ಜಿಯೋನೇಮ್ಸ್ ಎಂಬ ತೆರೆದ ಡೇಟಾ ಸಂಗ್ರಹಗಳೆಲ್ಲವನ್ನೂ ಒಟ್ಟಿಗೆ ತುಂಬಬಹುದು. ಮೇಲಿಂದ ನಿಮ್ಮದೇ ಸಿಎಸ್‌ವಿ ಫೈಲ್. ಕಂಪನಿಯ ಗೋದಾಮುಗಳು, ಶಾಖೆಗಳು, ಸರ್ವೆ ಮಾಡಿದ ಮನೆಗಳು ನಿಮ್ಮ ಹತ್ತಿರ ಪಟ್ಟಿಯಲ್ಲಿದ್ದು, ಅವೂ ಅದೇ ಸರ್ಚ್ ಬಾಕ್ಸ್‌ನಲ್ಲಿ ಬರಬೇಕು ಅಂದರೆ ಮೂರರಲ್ಲಿ ನೇರ ದಾರಿ ಇದೇ. ನಾಮಿನಾಟಿಮ್‌ಗೆ ಸ್ವಂತ ಡೇಟಾ ಹಾಕಬೇಕಾದರೆ ಅದನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನ ಫೈಲ್ ರೂಪಕ್ಕೆ ತಿರುಗಿಸಿ, ಐಡಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಂಡು ಸರ್ಕಸ್ ಮಾಡಬೇಕು.

ಹಾಕುವುದಕ್ಕೆ ಡಾಕರ್ ದಾರಿಯೇ ಸರಿ, ಕೈಯಲ್ಲಿ ಒಂದೊಂದೇ ಹಾಕಲು ಹೋಗಬೇಡಿ. ಅವರ ಡಾಕರ್ ಸಂಗ್ರಹದಲ್ಲಿ ಮಾದರಿ ಪ್ರಾಜೆಕ್ಟ್‌ಗಳಿವೆ. ಒಂದನ್ನು ನಕಲು ಮಾಡಿ, ಪೀಲಿಯಾಸ್ ಜೇಸನ್ ಫೈಲಿನಲ್ಲಿ ನಿಮ್ಮ ಪ್ರದೇಶದ ಫೈಲ್‌ಗಳನ್ನು ಹಾಕಿ, ಡೌನ್‌ಲೋಡ್, ಪ್ರಿಪೇರ್, ಇಂಪೋರ್ಟ್ ಅಂತ ಮೂರು ಆದೇಶ ಕ್ರಮವಾಗಿ ಕೊಡಬೇಕು. ಎರಡು ಕಡೆ ಜನ ಸಿಕ್ಕಿಬೀಳುತ್ತಾರೆ. ಎಲಾಸ್ಟಿಕ್‌ಸರ್ಚ್ ಏಳಬೇಕಾದರೆ ಹೋಸ್ಟ್ ಯಂತ್ರದಲ್ಲಿ ಮ್ಯಾಕ್ಸ್ ಮ್ಯಾಪ್ ಕೌಂಟ್ ಅನ್ನುವ ಲಿನಕ್ಸ್ ಸೆಟ್ಟಿಂಗ್ 262144 ಇರಬೇಕು, ಕಂಟೇನರ್ ಒಳಗೆ ಬದಲಿಸಿದರೆ ಆಗದು. ಎರಡನೆಯದು ಡೇಟಾ ಫೋಲ್ಡರ್‌ನ ಅನುಮತಿ. ರೂಟ್ ಆಗಿ ಓಡಿಸದೆ, ಎನ್ವ್ ಫೈಲಿನಲ್ಲಿ ನಿಮ್ಮ ಯೂಸರ್ ಐಡಿ ಕೊಡಿ.

ಒಂದು ಊರಿಗೆ ಇದು ಸಾಧಾರಣ ಯಂತ್ರದಲ್ಲಿ ಓಡುತ್ತದೆ. ಪ್ರಪಂಚಕ್ಕೆ ಅಂದರೆ ಎಲಾಸ್ಟಿಕ್‌ಸರ್ಚ್ ಕ್ಲಸ್ಟರ್ ನೋಡಿಕೊಳ್ಳಲು ಬರುವ ಜನ ಬೇಕು. ಜೊತೆಗೆ ಇದರಲ್ಲಿ ಬದಲಾವಣೆಯನ್ನಷ್ಟೇ ತರುವ ಅಪ್‌ಡೇಟ್ ಇಲ್ಲ. ಹೊಸ ಡೇಟಾ ಬೇಕೆಂದರೆ ಹೊಸ ಇಂಡೆಕ್ಸ್ ಕಟ್ಟಿ ಹಳೆಯದರ ಜಾಗದಲ್ಲಿ ಕೂರಿಸಬೇಕು. ಇದನ್ನು ನಾನು ಒಬ್ಬಂಟಿ ಡೆವಲಪರ್‌ಗೆ ಹೇಳುವುದಿಲ್ಲ. ಅಷ್ಟು ಸೇವೆಗಳಲ್ಲಿ ಒಂದು ರಾತ್ರಿ ಬಿದ್ದರೆ ಯಾವುದು ಬಿತ್ತು ಅಂತ ಹುಡುಕಲು ಇನ್ನೊಬ್ಬರು ಬೇಕಾಗುತ್ತದೆ.

ಇವುಗಳಾಚೆ ಆ್ಯಡಾಕ್ ಅಂತ ಒಂದಿದೆ. ಫ್ರಾನ್ಸ್‌ನ ರಾಷ್ಟ್ರೀಯ ವಿಳಾಸ ಪಟ್ಟಿಗಾಗಿ ಬೆಳೆದದ್ದು. ಪೈಥಾನ್ ಮತ್ತು ರೆಡಿಸ್ ಎಂಬ ಡೇಟಾಬೇಸ್, ಇಂಡೆಕ್ಸ್ ಪೂರ್ತಿ ಮೆಮೊರಿಯಲ್ಲಿ. ಅಚ್ಚುಕಟ್ಟಾದ ಒಂದೇ ವಿಳಾಸ ಪಟ್ಟಿ ನಿಮ್ಮ ಕೈಯಲ್ಲಿದ್ದರೆ ಹಗುರ, ವೇಗ. ಇಲ್ಲದವರಿಗೆ ಪ್ರಯೋಜನವಿಲ್ಲ.

ಹಾಗಾದರೆ ಯಾವುದು?

ಜನ ಟೈಪ್ ಮಾಡುತ್ತಾ ಆರಿಸುವ ಸರ್ಚ್ ಬಾಕ್ಸ್ ನಿಮ್ಮದಾದರೆ ಫೋಟಾನ್ ಹಾಕಿ. ಸಿದ್ಧ ಡೇಟಾಬೇಸ್‌ನಿಂದಲೇ ಶುರು ಮಾಡಿ, ಒಂದು ಸಂಜೆಯ ಕೆಲಸ. ರಿವರ್ಸ್ ಬೇಕು, ಗಡಿಗಳು ಸರಿಯಿರಬೇಕು, ಪೂರ್ತಿ ವಿಳಾಸಗಳ ಪಟ್ಟಿ ಓಡಿಸಬೇಕು, ಬದಲಾವಣೆ ಕೂಡಲೇ ಕಾಣಬೇಕು ಅಂದರೆ ನಾಮಿನಾಟಿಮ್. ಸ್ವಂತ ವಿಳಾಸದ ಡೇಟಾ ದೊಡ್ಡದಾಗಿದ್ದು, ನೋಡಿಕೊಳ್ಳಲು ಜನರಿದ್ದರೆ ಮಾತ್ರ ಪೀಲಿಯಾಸ್. ನನ್ನನ್ನು ಕೇಳಿದರೆ ಒಂದು ದೇಶದ ಮಟ್ಟಕ್ಕೆ ನಾಮಿನಾಟಿಮ್ ಮತ್ತು ಫೋಟಾನ್ ಎರಡನ್ನೂ ಜೊತೆಯಲ್ಲಿ ಇಡುವುದು ಎಲ್ಲಕ್ಕಿಂತ ಮೇಲು. ನಾಮಿನಾಟಿಮ್ ಕಟ್ಟಿ, ಅದರಿಂದ ಫೋಟಾನ್ ತುಂಬಿಸಿ, ಸರ್ಚ್ ಬಾಕ್ಸನ್ನು ಫೋಟಾನ್‌ಗೆ, ಉಳಿದದ್ದನ್ನು ನಾಮಿನಾಟಿಮ್‌ಗೆ ಕಳಿಸಿ. ಭಾಷೆಯ ತೊಡಕೂ ಅಲ್ಲಿಗೆ ಕಳೆಯಿತು.

ಯಾವುದನ್ನು ಹಾಕುವ ಮೊದಲೂ ಒಂದು ಕೆಲಸ ಮಾಡಿ. ನಿಮ್ಮ ಜನ ನಿಜವಾಗಿ ಟೈಪ್ ಮಾಡಿದ ಇನ್ನೂರು ಪ್ರಶ್ನೆ ಒಟ್ಟು ಮಾಡಿ. ತಿದ್ದಬೇಡಿ, ತಪ್ಪು ಕಾಗುಣಿತ ಹಾಗೇ ಇರಲಿ. ಪ್ರತಿಯೊಂದರ ಸರಿಯಾದ ಜಾಗ ನಕ್ಷೆಯಲ್ಲಿ ಗುರುತಿಸಿಕೊಳ್ಳಿ. ಆಮೇಲೆ ಒಂದು ಸಣ್ಣ ಪ್ರದೇಶದ ಡೇಟಾ ತುಂಬಿದ ಎರಡು ಸರ್ವರ್‌ಗಳ ಮೇಲೆ ಅವನ್ನು ಓಡಿಸಿ. ಎಷ್ಟು ಖಾಲಿ ಬಂತು, ಎಷ್ಟು ದೂರ ತಪ್ಪಿತು ಎರಡನ್ನೂ ಬೇರೆ ಬೇರೆ ಎಣಿಸಿ. ಖಾಲಿ ಉತ್ತರಕ್ಕಿಂತ ತಪ್ಪು ಉತ್ತರ ಅಪಾಯ. ಖಾಲಿ ಬಂದರೆ ಮನುಷ್ಯ ಮತ್ತೆ ಹುಡುಕುತ್ತಾನೆ, ತಪ್ಪು ಬಂದರೆ ಗಾಡಿ ಬೇರೆ ಊರಿಗೆ ಹೋಗುತ್ತದೆ.

ಎರಡು ಸರ್ವರ್‌ಗಳಲ್ಲೂ ಒಂದು ವಿಳಾಸ ಸಿಗಲಿಲ್ಲ ಅಂದರೆ ಸೆಟ್ಟಿಂಗ್ ತಿರುಗಿಸುತ್ತಾ ಕೂರಬೇಡಿ. ಮೊದಲು ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು ಆ ಬೀದಿಗೆ ಹೆಸರು ಇದೆಯಾ ನೋಡಿ. ನಕ್ಷೆಯಲ್ಲೇ ಇಲ್ಲದ್ದನ್ನು ಯಾವ ಸರ್ವರ್ ತಾನೇ ಹುಡುಕೀತು? ಇಲ್ಲದಿದ್ದರೆ ನೀವೇ ಸೇರಿಸಿ. ಬಹಳ ಸಲ ಅದು ಸರ್ವರ್ ಬದಲಿಸುವುದಕ್ಕಿಂತ ಬೇಗ ಆಗುವ ಕೆಲಸ.

ಹಾಕಿದ ಮೇಲೆ

ಬಿಂದುವಿನ ಕ್ರಮ ನೋಡಿಕೊಳ್ಳಿ. ಫೋಟಾನ್ ಮತ್ತು ಪೀಲಿಯಾಸ್ ಜಿಯೋಜೇಸನ್‌ನಲ್ಲಿ ಉತ್ತರ ಕೊಡುತ್ತವೆ, ಅದರಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನಾಮಿನಾಟಿಮ್‌ನ ಸಾಧಾರಣ ಜೇಸನ್‌ನಲ್ಲಿ ಎರಡೂ ಹೆಸರಿನೊಂದಿಗೆ ಬೇರೆ ಬೇರೆ ಬರುತ್ತವೆ, ಅದೂ ಅಂಕಿಯಾಗಿ ಅಲ್ಲ, ಪಠ್ಯವಾಗಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಇಲ್ಲಿ ತಪ್ಪಿದರೆ ಊರುಗಳೆಲ್ಲ ಸಮುದ್ರಕ್ಕೆ ಬೀಳುತ್ತವೆ.

ಈ ಮೂರರಲ್ಲೂ ಪಾಸ್‌ವರ್ಡ್, ಕೀ ಅಂತ ಏನೂ ಬರುವುದಿಲ್ಲ. ಪೋರ್ಟನ್ನು ನೇರ ಇಂಟರ್‌ನೆಟ್‌ಗೆ ತೆರೆದಿಡಬೇಡಿ. ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇಟ್ಟು, ಐಪಿಗೆ ಇಷ್ಟು ಅಂತ ಮಿತಿ ಹಾಕಿ. ಆಟೋಕಂಪ್ಲೀಟ್‌ಗೆ ಬ್ರೌಸರ್ ಕಡೆ ಮೂರು ಅಕ್ಷರ ಆಗುವವರೆಗೆ ಕೋರಿಕೆ ಕಳಿಸದಂತೆ, ಬೆರಳು ನಿಂತ ಮೇಲಷ್ಟೇ ಕಳಿಸುವಂತೆ ಮಾಡಿ. ಸರ್ವರ್ ಹೊರೆ ಎಷ್ಟು ಇಳಿಯುತ್ತದೆ ಅನ್ನುವುದು ನಿಮಗೇ ಕಾಣುತ್ತದೆ. ನಕ್ಷೆಯ ಪಕ್ಕದಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್‌ನವರ ಹೆಸರು ಹಾಕುವುದನ್ನು ಮರೆಯಬೇಡಿ, ಡೇಟಾ ಪರವಾನಗಿಯ ಷರತ್ತು ಅದು.

ಕೊನೆಯದಾಗಿ, ಗ್ರಾಹಕರ ವಿಳಾಸ ಹೊರಗೆ ಹೋಗಬಾರದು ಅಂತಲೇ ನೀವು ಸ್ವಂತ ಸರ್ವರ್ ಹಾಕಿದ್ದರೆ ಎಂಜಿನ್‌ಎಕ್ಸ್‌ನ ಆ್ಯಕ್ಸೆಸ್ ಲಾಗ್ ಒಮ್ಮೆ ತೆರೆದು ನೋಡಿ. ಹುಡುಕಿದ ಪ್ರತಿ ವಿಳಾಸ, ಹುಡುಕಿದವರ ಐಪಿ ಮತ್ತು ಹೊತ್ತಿನ ಸಮೇತ ಅಲ್ಲಿ ಸಾಲಾಗಿ ಕೂತಿರುತ್ತದೆ, ಏಕೆಂದರೆ ಪ್ರಶ್ನೆ ಹೋಗುವುದೇ ಯುಆರ್‌ಎಲ್ ಒಳಗೆ. ಲಾಗ್ ಫಾರ್ಮ್ಯಾಟ್‌ನಲ್ಲಿ ಪ್ರಶ್ನೆಯ ಭಾಗ ಬಿಟ್ಟು ದಾರಿ ಮಾತ್ರ ಬರೆಯುವಂತೆ ಬದಲಿಸಿ, ಹಳೆಯ ಲಾಗ್‌ಗಳನ್ನು ಅಳಿಸಿ. ಬ್ಯಾಕಪ್‌ನಲ್ಲಿರುವ ಪ್ರತಿಗಳನ್ನೂ.